ಘಟ್ಟದ ಹಗಲುಬಂಡಿ

ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಜಗಲಿಯಲ್ಲಿ ಸಂಜೆಯ ಹೊತ್ತು ನಾಲ್ಕು ಮಂದಿ ಕೂಡಿ ಮಾತನಾಡುವುದು ವಾಡಿಕೆಯಾಗಿದೆ. ಮೊನ್ನೆ ಅಂತಹದೊಂದು ಸಂಜೆ, ನಾವು ದಂಪತಿಗಳು ಹಗಲು ರೈಲಿನಲ್ಲಿ ಮತ್ತೊಮ್ಮೆ ಪುತ್ತೂರಿಗೆ ಹೊರಡುವವರೆಂಬುದನ್ನು ಕೇಳಿ, ನೆರೆಮನೆಯ ತರುಣನೊಬ್ಬನು ಬಹಳ ಮರುಕದಿಂದ, “ಮೇಷ್ಟ್ರೇ, ರಾತ್ರಿ ಊಟ ಮಾಡಿ ಬಸ್ಸಿನಲ್ಲಿ ಮಲಗಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಪುತ್ತೂರು. ರೈಲಿನಲ್ಲಿ ಕೂತು ಒಂದು ಹಗಲನ್ನು ಸುಮ್ಮನೆ ಏಕೆ ಕಳೆದುಕೊಳ್ಳುತ್ತೀರಿ?” ಎಂದು ಕೇಳಿದನು.

ಪ್ರಶ್ನೆಯು ನ್ಯಾಯವಾದುದೇ. ಮೂವತ್ತು ವರ್ಷಕಾಲ ನಾನೂ ಹೀಗೆಯೇ ಲೆಕ್ಕ ಹಾಕಿ, ರಾತ್ರಿಯ ಬಸ್ಸಿನಲ್ಲಿಯೇ ಹೋಗಿಬಂದವನು. ಆ ತರುಣನಿಗೆ ನಗುತ್ತ ಏನೋ ಒಂದನ್ನು ಹೇಳಿ ಕಳುಹಿಸಿದೆನು. ನಿಜವಾದ ಉತ್ತರವು ಜಗಲಿಯ ಮಾತಿಗೆ ಸ್ವಲ್ಪ ದೊಡ್ಡದು. ಅದನ್ನು ಈ ತಿಂಗಳು ವಾಚಕರ ಮುಂದಿಡುವೆನು.

ಮೇಘದೂತವನ್ನು ನಾನು ಎಷ್ಟು ಸಲ ಓದಿರುವೆನೋ, ಆಸಕ್ತರಿಗೆ ಎಷ್ಟು ಸಲ ಓದಿಸಿರುವೆನೋ ಲೆಕ್ಕವಿಲ್ಲ. ರಾಮಗಿರಿಯಲ್ಲಿರುವ ಯಕ್ಷನು ಅಲಕೆಯಲ್ಲಿರುವ ಹೆಂಡತಿಗೆ ಮೋಡದ ಕೈಯಲ್ಲಿ ಸಂದೇಶವನ್ನು ಕಳುಹುವನಷ್ಟೆ. ಅಲ್ಲಿ ಅವಳು ದಿನಗಳನ್ನು ಎಣಿಸುತ್ತಿರುವಳು. ಇಲ್ಲಿ ಇವನು ಸೊರಗಿ ಕೈಯ ಕಡಗವೇ ಜಾರಿಹೋಗಿರುವುದು. ಇಷ್ಟು ಅವಸರದ ಕೆಲಸವನ್ನು ಒಪ್ಪಿಸುವವನು “ನೆಟ್ಟಗೆ ಹೋಗು” ಎನ್ನಬೇಕಾಗಿತ್ತು. ಅವನು ಹಾಗೆನ್ನುವುದಿಲ್ಲ. ಆಮ್ರಕೂಟದ ನೆತ್ತಿಯಲ್ಲಿ ದಣಿವಾರಿಸಿಕೊಳ್ಳೆನ್ನುವನು. ರೇವಾನದಿಯ ನೀರನ್ನು ಕುಡಿದು ಮುಂದಕ್ಕೆ ಹೋಗೆನ್ನುವನು. ಉತ್ತರಕ್ಕೆ ಹೊರಟವನಿಗೆ ದಾರಿ ಸುತ್ತಾದರೂ ಉಜ್ಜಯಿನಿಯನ್ನು ನೋಡದೆ ಹೋಗಬೇಡವೆನ್ನುವನು. “ಹೆಂಡತಿಯ ಮೇಲೆ ಅಷ್ಟು ಪ್ರೀತಿಯಿದ್ದವನು ದೂತನಿಗೆ ಸುತ್ತುದಾರಿಯನ್ನೇಕೆ ತೋರಿಸಿದನು?” ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ಅಲಂಕಾರಶಾಸ್ತ್ರದ ನಾಲ್ಕು ಮಾತುಗಳನ್ನು ಹೇಳಿ ಅವರನ್ನು ಸಮಾಧಾನಪಡಿಸುತ್ತಿದ್ದೆನು. ನನಗೇ ಸಮಾಧಾನವಾದುದು ಬಹಳ ತಡವಾಗಿ, ಸಕಲೇಶಪುರದ ಕೆಳಗಿನ ಘಟ್ಟದ ಹಳಿಯ ಮೇಲೆ.

ನನ್ನ ಹುಟ್ಟೂರು ಹಾಸನದ ಸೀಮೆ. ನಮ್ಮ ಮನೆಯಾಕೆಯ ತವರು ಪುತ್ತೂರಿನ ಬಳಿಯ ಒಂದು ಹಳ್ಳಿ. ಮದುವೆಯಾದುದು 1990ರ ವೈಶಾಖದಲ್ಲಿ. ಆಷಾಢ ಬಂದಿತೆಂದರೆ ಹೊಸ ಸೊಸೆಯು ತವರಿಗೆ ಹೋಗತಕ್ಕದ್ದು ರೂಢಿಯಷ್ಟೆ. ಕರೆದೊಯ್ಯಲು ಅವಳ ಅಣ್ಣನು ಬಂದನು. ಸಾಮಾನು ಹೆಚ್ಚಾಗಿದೆಯೆಂಬ ನೆವದಿಂದ ನಾನೂ ಜೊತೆಗೆ ಹೊರಟೆನು. ಹಾಸನ ಮಂಗಳೂರುಗಳ ನಡುವೆ ಘಟ್ಟವನ್ನು ಕೊರೆದು ಹಾಕಿದ ಮೀಟರ್ ಗೇಜಿನ ಹಳಿಯ ಮೇಲೆ ಬಂಡಿಗಳು ಓಡತೊಡಗಿದುದು 1979ರಲ್ಲಿ. ಆದುದರಿಂದ ನಮ್ಮ ಮದುವೆಯ ಕಾಲಕ್ಕೆ ಆ ದಾರಿಗೆ ಹನ್ನೊಂದೇ ವರ್ಷ ವಯಸ್ಸು.

ಆ ದಿನ ಘಟ್ಟದಲ್ಲಿ ಹಿಡಿದ ಮಳೆ ಬಿಡಲಿಲ್ಲ. ಎರಚಲು ಹೊಡೆಯುತ್ತದೆ, ಕಿಟಕಿಯನ್ನು ಮುಚ್ಚಬೇಕೆಂದು ಅಣ್ಣ, ಮುಚ್ಚಕೂಡದೆಂದು ತಂಗಿ. ಕೊನೆಗೆ ತಂಗಿಯೇ ಗೆದ್ದು, ಸೆರಗಿನಿಂದ ಮುಖವನ್ನು ಒರೆಸಿಕೊಳ್ಳುತ್ತ ಸುರಂಗಗಳನ್ನು ಬೆರಳು ಮಡಿಸಿ ಎಣಿಸತೊಡಗಿದಳು. ಇಪ್ಪತ್ತೋ ಇಪ್ಪತ್ತೊಂದೋ ಆಗಿದ್ದಾಗ ನಾನು ಏನೋ ಕೇಳಿದೆನು, ಲೆಕ್ಕ ತಪ್ಪಿಹೋಯಿತು. ಅದು ನಮ್ಮ ದಾಂಪತ್ಯದ ಮೊದಲನೆಯ ಮುನಿಸು. “ಮುಂದಿನ ಸಲ ನೀವು ಮಾತನಾಡಬಾರದು. ನಾನು ಪೂರ್ತಿ ಎಣಿಸಬೇಕು” ಎಂದಳು. ಹಾಗೆಯೇ ಆಗಲೆಂದು ನಾನು ಒಪ್ಪಿಕೊಂಡೆನು.

ಆ ಮುಂದಿನ ಸಲ ಬರುವುದಕ್ಕೆ ಮೂವತ್ತನಾಲ್ಕು ವರ್ಷ ಹಿಡಿಯಿತು.

ನಡುವೆ ನಾವು ಬೆಂಗಳೂರಿಗೆ ಬಂದು ನೆಲಸಿದೆವು. 1990ರ ದಶಕದ ಮಧ್ಯದಲ್ಲಿ, ಹಳಿಯನ್ನು ಬ್ರಾಡ್ ಗೇಜಿಗೆ ಅಗಲಿಸುವುದಕ್ಕಾಗಿ ಆ ಮಾರ್ಗದ ಸಂಚಾರವನ್ನು ನಿಲ್ಲಿಸಿದರು. ಪ್ರಯಾಣಿಕರ ಬಂಡಿಯು ಘಟ್ಟದಲ್ಲಿ ಮತ್ತೆ ಓಡಿದುದು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ರೈಲೇ ಇರಲಿಲ್ಲವೆಂಬುದು ನಿಜ. ಆಮೇಲಿನ ಹದಿನಾರು ವರ್ಷ ಏನು ಮಾಡಿದಿರೆಂದು ವಾಚಕರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಉತ್ತರಪತ್ರಿಕೆಗಳು ಮಾತ್ರ ಇದ್ದುವು. ದಸರೆಯ ರಜೆಯಲ್ಲಿ ಒಂದು ಹಗಲನ್ನು ದಾರಿಗೆ ಕೊಟ್ಟರೆ ತಿದ್ದುವ ಕೆಲಸ ಹಿಂದೆ ಬೀಳುವುದೆಂದು ನಾನು, ನಿಮ್ಮಿಷ್ಟವೆಂದು ಅವಳು. ಹೀಗೆ ಶಿರಾಡಿ ಘಟ್ಟವನ್ನು ವರ್ಷಕ್ಕೆ ಎರಡು ಸಲ ಬಸ್ಸಿನಲ್ಲಿ ನಿದ್ರಿಸುತ್ತ ಇಳಿದೆವು, ನಿದ್ರಿಸುತ್ತ ಹತ್ತಿದೆವು. ಯಾವ ಮರವನ್ನೂ ಯಾವ ಹೊಳೆಯನ್ನೂ ನೋಡಿದ ನೆನಪಿಲ್ಲ.

2023ರಲ್ಲಿ ಅವಳು ಬಾಗಿಲ ಚೌಕಟ್ಟಿಗೆ ಭುಜವನ್ನು ತಾಗಿಸಿಕೊಳ್ಳುವುದೂ, ಪಕ್ಕದಲ್ಲಿಟ್ಟ ಲೋಟವನ್ನು ಕೈತಗುಲಿ ಉರುಳಿಸುವುದೂ ಪದೇ ಪದೇ ಆಗತೊಡಗಿತು. ಅವಸರದ ಸ್ವಭಾವವೆಂದು ನಾನು ಎರಡು ಸಲ ಗದರಿದೆನು. ಈಗ ಅದನ್ನು ನೆನೆದರೆ ನಾಚಿಕೆಯಾಗುವುದು. ಕಣ್ಣಿನ ವೈದ್ಯರು ಪರೀಕ್ಷಿಸಿ ಗ್ಲಾಕೋಮಾ ಎಂದರು. ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿಯ ನರವು, ಬಹುಮಟ್ಟಿಗೆ ಕಣ್ಣಿನೊಳಗಿನ ಒತ್ತಡದ ದೆಸೆಯಿಂದ, ಕ್ಷೀಣಿಸುತ್ತ ಬರುವ ರೋಗವಿದು. ಸಾಮಾನ್ಯವಾಗಿ ನೋವಿಲ್ಲ, ಮುನ್ಸೂಚನೆಯಿಲ್ಲ. ನೋಟವು ಅಂಚಿನಿಂದ ಮೊದಲ್ಗೊಂಡು ಒಳಗೊಳಗೆ ಕಿರಿದಾಗುವುದು. ಹೋದ ನೋಟವು ಮರಳಿ ಬಾರದು. ಉಳಿದುದನ್ನು ಔಷಧದಿಂದ ಕಾಪಾಡಿಕೊಳ್ಳಬಹುದು. ನಲವತ್ತು ದಾಟಿದ ವಾಚಕರು, ಅದರಲ್ಲಿಯೂ ಮನೆತನದಲ್ಲಿ ಈ ರೋಗವಿದ್ದವರು, ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಇಲ್ಲಿಯೇ ಕೈಮುಗಿದು ಹೇಳುವೆನು.

ಹೇಗೆ ಕಾಣುತ್ತದೆಯೆಂದು ನಾನು ಒಂದು ದಿನ ಕೇಳಿದುದಕ್ಕೆ ಅವಳು, “ಸುರಂಗದೊಳಗೆ ನಿಂತು ಅದರ ಬಾಯಿಯನ್ನು ನೋಡಿದ ಹಾಗೆ” ಎಂದಳು. ಹಳೆಯ ಮಾತನ್ನು ನೆನೆದು ಹಾಗೆಂದಳೋ, ಸಹಜವಾಗಿಯೇ ಬಂದ ಹೋಲಿಕೆಯೋ ನಾನು ಕೇಳಲಿಲ್ಲ. 2024ರಲ್ಲಿ ನನಗೆ ನಿವೃತ್ತಿಯಾಯಿತು. ನವರಾತ್ರಿ ಕಳೆದ ಮೇಲೆ, ಆ ಅಕ್ಟೋಬರಿನಲ್ಲಿ, ಹಗಲುಬಂಡಿಗೆ ಟಿಕೆಟು ತೆಗೆಸು ಎಂದು ಮಗನಿಗೆ ಹೇಳಿದೆನು. ಅವನು ಹೋಗುವಾಗ ಗಾಜಿನ ಬೋಗಿಯಲ್ಲಿ ಸ್ಥಳವನ್ನು ಕಾದಿರಿಸಿದನು. ವಿಸ್ಟಾಡೋಮ್ ಎಂದು ಕರೆಯುವ ಈ ಬೋಗಿಗಳನ್ನು ಈ ಮಾರ್ಗದ ಹಗಲುಬಂಡಿಗೆ ಸೇರಿಸಿದುದು 2021ರ ಜುಲೈ ತಿಂಗಳಲ್ಲಿ. ಅಗಲವಾದ ಗಾಜಿನ ಕಿಟಕಿಗಳು, ಮಾಡಿನಲ್ಲಿಯೂ ಗಾಜು, ಬೇಕಾದ ಕಡೆಗೆ ತಿರುಗುವ ನಲವತ್ತನಾಲ್ಕು ಕುರ್ಚಿಗಳು. ಉಳಿದಿರುವ ನೋಟಕ್ಕೆ ಇದಕ್ಕಿಂತ ದೊಡ್ಡ ಕಿಟಕಿ ಬೇರೆ ಯಾವುದಿದ್ದೀತು?

ಬೆಳಕು ಹರಿಯುವುದಕ್ಕೆ ಮುಂಚೆಯೇ ಬುತ್ತಿಯನ್ನು ಕಟ್ಟಿಕೊಂಡು, ಯಲಚೇನಹಳ್ಳಿಯಲ್ಲಿ ಮೆಟ್ರೋ ಬಂಡಿಯನ್ನು ಹತ್ತಿದೆವು. ಅದು ಜಯನಗರದ ಮಾಡುಗಳ ಮೇಲೆ ತೇಲಿಕೊಂಡು ಹೋಗಿ, ಕೃಷ್ಣರಾಜ ಮಾರುಕಟ್ಟೆಯ ಬಳಿ ಪಾತಾಳಕ್ಕಿಳಿದು, ಮತ್ತೆ ಮೇಲೆದ್ದು ನಮ್ಮನ್ನು ಯಶವಂತಪುರಕ್ಕೆ ಮುಟ್ಟಿಸಿತು. ಅಲ್ಲಿಂದ ಮುಂದಕ್ಕೆ ದೊಡ್ಡ ಬಂಡಿ. ಹೊಗೆಯಿಲ್ಲದ ಈ ಕಾಲದಲ್ಲಿಯೂ ನನ್ನ ಬಾಯಿಗೆ ಅದು ಹೊಗೆಬಂಡಿಯೆಂದೇ ಬರುವುದು.

ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ಹಾಸನಕ್ಕೆ ಹೋಗುವ ಈ ನೇರವಾದ ಮಾರ್ಗವು ಪೂರ್ತಿಯಾಗಿ ತೆರೆದುದು 2017ರಲ್ಲಿ. ಅದಕ್ಕೆ ಮುಂಚೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿ ಬರಬೇಕಾಗಿತ್ತು. ತೆನೆಗಟ್ಟುತ್ತಿದ್ದ ರಾಗಿಯ ಹೊಲಗಳು, ನೀರು ತುಂಬಿದ ಕೆರೆಗಳು, ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳು ಒಂದರ ಹಿಂದೆ ಒಂದು ಓಡಿದುವು. ಆದರೆ ಬಯಲುಸೀಮೆಯಲ್ಲಿ ಬಂಡಿಗೆ ವೇಗ ಹೆಚ್ಚು. “ಅಗೋ, ಕೆರೆಯಂಚಿನಲ್ಲಿ ಕೊಕ್ಕರೆಗಳು” ಎಂದು ನಾನು ಬೆರಳು ತೋರಿಸುವೆನು. ಅವಳು ಮುಖವನ್ನು ತಿರುಗಿಸಿ, ತನ್ನ ಕಿರಿದಾದ ನೋಟವನ್ನು ಆಚೀಚೆ ಆಡಿಸಿ ಹುಡುಕುವಷ್ಟರಲ್ಲಿ ಕೊಕ್ಕರೆಗಳಿರಲಿ, ಕೆರೆಯೇ ಹಿಂದಾಗಿರುವುದು. ನಾಲ್ಕೈದು ಸಲ ಹೀಗಾಯಿತು. ಕಡೆಗೆ ಅವಳು, “ನೀವು ನೋಡಿ. ನಾನು ಮನೆಗೆ ಹೋದ ಮೇಲೆ ಕೇಳಿಕೊಳ್ಳುತ್ತೇನೆ” ಎಂದು ಕಣ್ಣು ಮುಚ್ಚಿ ಒರಗಿದಳು. ಅಷ್ಟು ದೊಡ್ಡ ಗಾಜಿನ ಕಿಟಕಿಯ ಪಕ್ಕದಲ್ಲಿ ಅವಳು ಕಣ್ಣು ಮುಚ್ಚಿ ಕುಳಿತುದನ್ನು ನೋಡಿ, ನಾನು ತಡವಾಗಿ ಬಂದೆನೆಂದುಕೊಂಡೆನು.

ಹಾಸನ ದಾಟಿತು, ಆಲೂರು ದಾಟಿತು. ಹೇಮಾವತಿಯ ದಡದ ಸಕಲೇಶಪುರದಲ್ಲಿ ಬಂಡಿಯು ಸ್ವಲ್ಪ ಹೊತ್ತು ನಿಂತು, ಅಲ್ಲಿಂದ ಮುಂದೆ ತನ್ನ ನಡಿಗೆಯನ್ನೇ ಬದಲಿಸಿತು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರು. ಇಷ್ಟರೊಳಗೆ ಹಳಿಯು ಸಮುದ್ರಮಟ್ಟಕ್ಕೆ ಸುಮಾರು 900 ಮೀಟರು ಎತ್ತರದಿಂದ ಕರಾವಳಿಯ ಕಾಡಿನ ತಗ್ಗಿಗೆ ಇಳಿಯಬೇಕು. 57 ಸುರಂಗಗಳು; ನೂರಕ್ಕೆ ಮಿಕ್ಕ ಸೇತುವೆಗಳು. ಇಳಿಜಾರು ಐವತ್ತಕ್ಕೆ ಒಂದು; ಎಂದರೆ ಐವತ್ತು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಕೆಳಗೆ. ಕೇಳುವುದಕ್ಕೆ ಇದು ಅಲ್ಪವೆಂದು ತೋರಬಹುದು. ಆದರೆ ನುಣುಪಾದ ಕಬ್ಬಿಣದ ಹಳಿಯ ಮೇಲೆ ನುಣುಪಾದ ಕಬ್ಬಿಣದ ಗಾಲಿ, ಮಳೆಯ ತೇವ, ನೂರಾರು ಟನ್ನಿನ ಭಾರ ಇವೆಲ್ಲ ಸೇರಿದಾಗ, ಒಮ್ಮೆ ಕೈಮೀರಿದ ಬಂಡಿಯನ್ನು ಹಿಡಿದು ನಿಲ್ಲಿಸುವುದು ಬಹಳ ಕಷ್ಟ. ಆದುದರಿಂದ ಇಲ್ಲಿ ಬಂಡಿಯು ಗಂಟೆಗೆ 30 ಕಿಲೋಮೀಟರನ್ನು ಮೀರತಕ್ಕದ್ದಲ್ಲ. ಬೈಸಿಕಲ್ಲನ್ನು ಚೆನ್ನಾಗಿ ತುಳಿಯಬಲ್ಲವನು ಸಮದಾರಿಯಲ್ಲಿ ಅದರ ಜೊತೆಗೆ ಹೋದಾನು.

ದೋಣಿಗಲ್ ನಿಲ್ದಾಣ ಹಿಂದಾಯಿತು. ಬಲಗಡೆಯ ಕಣಿವೆಯೋ ಎಡಗಡೆಯ ಕಣಿವೆಯೋ, ತಿರುವಿನಲ್ಲಿ ದಿಕ್ಕೇ ತಿಳಿಯದು. ಎದುರಿನ ಬಂಡೆಯ ಮೇಲಿಂದ ಬಿಳಿಯ ನೀರು ಜಾರುತ್ತಿತ್ತು. ನಾನು ರೂಢಿಯ ಬಲದಿಂದ “ಅಗೋ” ಎಂದು ಹೇಳಿ, ಹೇಳಬಾರದಾಗಿತ್ತೆಂದು ತುಟಿ ಕಚ್ಚಿಕೊಂಡೆನು. ಅವಳು ಕಣ್ಣು ತೆರೆದು, ಮುಖವನ್ನು ಮೆಲ್ಲನೆ ತಿರುಗಿಸಿ ಹುಡುಕಿದಳು. ಬಂಡೆ ಇನ್ನೂ ಅಲ್ಲಿಯೇ ಇತ್ತು. ಇನ್ನೂ ಹುಡುಕಿದಳು, ಬಂಡಿಯು ಇನ್ನೂ ಅದರ ಎದುರಿನಲ್ಲಿಯೇ ಇತ್ತು.

“ಸಿಕ್ಕಿತು!” ಎಂದಳು.

ಅಲ್ಲಿಂದ ಮುಂದೆ ಎರಡೂವರೆ ಗಂಟೆಯ ಹೊತ್ತು ನಾನು ತೋರಿಸುವುದು, ಅವಳು ಹುಡುಕುವುದು, ಸಿಕ್ಕಿತೆನ್ನುವುದು. ಹಾವಸೆ ಕಟ್ಟಿದ ಸುರಂಗದ ಬಾಯಿ ಸಿಕ್ಕಿತು. ಸೇತುವೆಯ ತಳದಲ್ಲಿ ಬಂಡೆಗಳ ನಡುವೆ ನುಸುಳುವ ಹೊಳೆ ಸಿಕ್ಕಿತು. ಮರದ ತಲೆಯ ಮೇಲೆ ಕುಳಿತಿದ್ದ ಒಂಟಿ ಮಂಗಟ್ಟೆಯ ಹಕ್ಕಿಯು ನನಗಿಂತ ಮೊದಲು ಅವಳಿಗೇ ಸಿಕ್ಕಿತು. ಎಳೆಯ ಕಣ್ಣಿಗೆ ಎಕ್ಸ್‌ಪ್ರೆಸ್ ಬಂಡಿಯಾದರೂ ಸಾಕು; ಸೋತ ಕಣ್ಣಿಗೆ ಕಾಯುವ ಬಂಡಿಯೇ ಬೇಕು. ತನ್ನ ಕ್ಷೇಮಕ್ಕಾಗಿ ರೈಲು ನಿಧಾನವಾಗಿ ನಡೆಯಿತು. ಅದರಿಂದ ನಮ್ಮ ಮನೆಯಾಕೆಗೆ ಒಂದು ಘಟ್ಟವೇ ದೊರೆಯಿತು.

ಈ ಸೀಮೆಯಲ್ಲಿ ಮತ್ತೊಂದು ಸ್ವಾರಸ್ಯವುಂಟು. ಸಕಲೇಶಪುರದ ಹೇಮಾವತಿಯು ಕಾವೇರಿಯನ್ನು ಸೇರಿ ಮೂಡಣ ಕಡಲಿಗೆ ಹೋಗುವಳು. ಘಟ್ಟದ ಕೆಳಗಿನ ಕೆಂಪುಹೊಳೆಯಾದರೋ ಗುಂಡ್ಯಹೊಳೆಯಾಗಿ, ಕುಮಾರಧಾರೆಯನ್ನು ಕೂಡಿ, ನೇತ್ರಾವತಿಯ ಮೂಲಕ ಪಡುಗಡಲನ್ನು ಸೇರುವುದು. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಬೆಟ್ಟದ ನೆತ್ತಿಯಲ್ಲಿ ಬೇರೆಯಾಗಿ, ಒಂದು ಪೂರ್ವಕ್ಕೂ ಒಂದು ಪಶ್ಚಿಮಕ್ಕೂ ನಡೆಯುವುವು. ರಾತ್ರಿಯ ಬಸ್ಸಿನಲ್ಲಿ ಈ ನೆತ್ತಿಯನ್ನು ನಾನು ಅರುವತ್ತು ಸಲವಾದರೂ ದಾಟಿರಬೇಕು; ದಾಟಿದೆನೆಂದು ತಿಳಿದುದು ಅಂದೇ.

ಕಡಗರವಳ್ಳಿ, ಎಡಕುಮೇರಿ ನಿಲ್ದಾಣಗಳ ನಡುವೆ ಬಂಡಿಯು ಇನ್ನೂ ನಿಧಾನವಾಯಿತು. ಅದೇ ವರ್ಷದ ಜುಲೈ ಕೊನೆಯಲ್ಲಿ ಇಲ್ಲಿ ಗುಡ್ಡ ಕುಸಿದು, ಹಳಿಯ ಕೆಳಗಿನ ಮಣ್ಣೇ ಜಾರಿಹೋಗಿ, ಸುಮಾರು ಎರಡು ವಾರ ಸಂಚಾರವು ನಿಂತಿದ್ದಿತು. ಕಿತ್ತಳೆಯ ಬಣ್ಣದ ಅಂಗಿಯನ್ನು ತೊಟ್ಟ ಆಳುಗಳು ಕೆಲಸವನ್ನು ನಿಲ್ಲಿಸಿ, ಗುದ್ದಲಿಗಳನ್ನು ಊರಿಕೊಂಡು, ಬಂಡಿಗೆ ದಾರಿಬಿಟ್ಟು ನಿಂತಿದ್ದರು. ಮಳೆಗಾಲದ ರಾತ್ರಿಗಳಲ್ಲಿ ಇಂತಹವರೇ ದೀಪವನ್ನು ಹಿಡಿದು, ಕಲ್ಲು ಉರುಳಿದೆಯೇ, ಮರ ಬಿದ್ದಿದೆಯೇ ಎಂದು ಹಳಿಯುದ್ದಕ್ಕೂ ನಡೆದು ನೋಡುವರು. ನಮ್ಮ ವಿಹಾರವು ಅವರ ಕಾಲುಗಳ ಮೇಲೆ ನಿಂತಿರುವುದು. ನಾನು ಗಾಜಿನೊಳಗಿಂದ ಕೈಮುಗಿದೆನು. ಅವರಿಗೆ ಕಂಡಿತೋ ಇಲ್ಲವೋ ತಿಳಿಯದು.

ತವರಿನಲ್ಲಿ ನಾಲ್ಕು ದಿನವಿದ್ದು ಮರಳುವಾಗ ಗಾಜಿನ ಬೋಗಿಯಲ್ಲಿ ಸ್ಥಳ ದೊರೆಯಲಿಲ್ಲ. ಎರಡನೆಯ ತರಗತಿಯ ಸಾಮಾನ್ಯ ಬೋಗಿ. ತೆರೆದ ಕಿಟಕಿ, ಕಬ್ಬಿಣದ ಸರಳು. ನಾನು ಚಿಂತಿಸಿದೆನು, ಅವಳು ಹಿಗ್ಗಿದಳು. ಗಾಜಿನೊಳಗಿಂದ ಕಾಡು ಕಾಣುವುದೇ ಹೊರತು ಅದರ ವಾಸನೆಯಿಲ್ಲ, ಗಾಳಿಯಿಲ್ಲ, ಸದ್ದೂ ಅಷ್ಟಕ್ಕಷ್ಟೆ. ತೆರೆದ ಕಿಟಕಿಯಲ್ಲಿ ಹಾಗಲ್ಲ. ಕೊಳೆತ ಎಲೆಯ ವಾಸನೆ ಬಂದು, ಒಮ್ಮೆಗೇ ಮುಖಕ್ಕೆ ತಣ್ಣನೆಯ ಗಾಳಿ ಹೊಡೆದು, ಗಾಲಿಯ ಸದ್ದು ಇಮ್ಮಡಿಯಾಗಿ ಕಿವಿಯನ್ನು ತುಂಬಿದರೆ ಅದು ಸುರಂಗ. ಸದ್ದು ಟೊಳ್ಳಾಗಿ ಕೆಳಗಿನಿಂದ ಬಂದರೆ ಸೇತುವೆ. ಇದನ್ನು ನನಗೆ ಕಲಿಸಿದವಳು ಅವಳು. ಮೂವತ್ತಾರು ವರ್ಷ ಪಾಠ ಹೇಳಿದವನು ಅಂದು ವಿದ್ಯಾರ್ಥಿಯಾದೆನು.

ಸುಬ್ರಹ್ಮಣ್ಯ ರೋಡಿನಲ್ಲಿ ಬಂಡಿ ಹೊರಡುತ್ತಲೇ ಅವಳು, ಅತ್ತಿಗೆ ಕೊಟ್ಟಿದ್ದ ಅಡಿಕೆಯ ಚೀಲದ ಬಾಯಿಯನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಏಕೆಂದು ಕೇಳಹೋದವನಿಗೆ ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದಳು. ಆಗ ತಿಳಿಯಿತು, ಅವಳು ಏನನ್ನೂ ಮರೆತಿರಲಿಲ್ಲ. ಸುರಂಗಕ್ಕೆ ಒಂದೊಂದರಂತೆ ಅಡಿಕೆಯು ಚೀಲದಿಂದ ಮಡಿಲಿಗೆ ಬಂದಿತು. ನಾನು ಮೌನವ್ರತವನ್ನು ಹಿಡಿದು, ಚಹಾ ಮಾರುವವನಿಗೂ ಕೈಸನ್ನೆಯಿಂದಲೇ ಉತ್ತರಕೊಟ್ಟೆನು.

ಸಕಲೇಶಪುರದಲ್ಲಿ ಮಡಿಲಿನ ಅಡಿಕೆಗಳನ್ನು ಇಬ್ಬರೂ ಸೇರಿ ಎಣಿಸಿದೆವು. ಐವತ್ತಾರು. ಒಂದು ಕಡಮೆ. ಎಲ್ಲಿ ತಪ್ಪಿತೋ, ಅವಳು ಕಣ್ಣು ಮುಚ್ಚಿ ಒರಗಿದ್ದಾಗ ಒಂದು ಗಳಿಗೆ ತೂಕಡಿಸಿದಳೋ ತಿಳಿಯದು. ನಾನು ಸಮಾಧಾನ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ನಕ್ಕು, “ಇರಲಿ ಬಿಡಿ. ಮತ್ತೆ ಬರುವುದಕ್ಕೆ ಒಂದು ನೆವ ಬೇಕಲ್ಲ” ಎಂದಳು.

ಆ ಸಂಜೆ ಹಾಸನದ ಬಯಲಿನಲ್ಲಿ ಹೊತ್ತು ಮುಳುಗುತ್ತಿದ್ದಾಗ ನನಗೆ ಯಕ್ಷನ ಸುತ್ತುದಾರಿಯ ನೆನಪಾಯಿತು. ನೀರನ್ನು ಕುಡಿಯದೆ ಬರಿದಾಗಿ ಹೊರಟರೆ ಹಗುರವಾಗಿ ಗಾಳಿಯ ಪಾಲಾಗುವೆಯೆಂದು ಅವನು ಮೋಡವನ್ನು ಎಚ್ಚರಿಸುವನು. ಅವಸರವಾಗಿ ಹೋಗಿ ಬರಿದಾಗಿ ಮುಟ್ಟುವ ದೂತನು ಅವನಿಗೆ ಬೇಡ; ದಾರಿಯ ಬೆಟ್ಟಗಳನ್ನೂ ಹೊಳೆಗಳನ್ನೂ ಒಳಗೆ ತುಂಬಿಕೊಂಡು, ತೂಕವಾಗಿ ಹೋಗಿ ಅವಳ ಮುಂದೆ ನಿಲ್ಲುವ ದೂತನು ಬೇಕು. ಮೂವತ್ತು ವರ್ಷ ನಾನು ಪುತ್ತೂರನ್ನು ಬೆಳಗಾಗುವಷ್ಟರಲ್ಲಿ ಮುಟ್ಟಿದೆನು. ಪ್ರತಿಸಲವೂ ಬರಿದಾಗಿ ಮುಟ್ಟಿದೆನು. ಆ ಹಗಲುಗಳೆಲ್ಲ ಉಳಿತಾಯವೆಂದು ತಿಳಿದಿದ್ದೆನು. ಉಳಿಸಿದ ಹಗಲುಗಳು ಯಾವ ಪೆಟ್ಟಿಗೆಯಲ್ಲಿವೆಯೆಂದು ಈಗ ಹುಡುಕಿದರೆ ಸಿಕ್ಕುವುದಿಲ್ಲ.

ಕೊನೆಗೆ ಗೃಹಸ್ಥರಾದ ವಾಚಕರಿಗೆ ಎರಡು ಮಾತು. ಹೋಗುವುದಾದರೆ ಮಳೆ ಹಿಂದೆಗೆದ ಆಶ್ವಯುಜ ಕಾರ್ತಿಕಗಳಲ್ಲಿ ಹೋಗಿರಿ. ಝರಿಗಳಲ್ಲಿ ಆಗಿನ್ನೂ ನೀರಿರುವುದು, ಕಣಿವೆಯನ್ನು ಮಂಜು ಪೂರ್ತಿಯಾಗಿ ಮುಚ್ಚದು. ಬುತ್ತಿಗೆ ಪುಳಿಯೋಗರೆಯೂ ಮೊಸರನ್ನವೂ ಸಾಕು. ಎಲೆಯನ್ನೂ ಕಾಗದವನ್ನೂ ಕಾಡಿಗೆ ಎಸೆಯದೆ ಮನೆಗೆ ತನ್ನಿರಿ. ಮಕ್ಕಳನ್ನು ಬಾಗಿಲಲ್ಲಿ ನಿಲ್ಲಗೊಡಬೇಡಿ. ಚಿತ್ರ ತೆಗೆಯುವ ಚಪಲದಿಂದ ಹೊರಕ್ಕೆ ಬಾಗುವವರಿಗೆ ಸುರಂಗದ ಗೋಡೆಯು ಬಹಳ ಹತ್ತಿರ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಕಿಟಕಿಯ ಪಕ್ಕದಲ್ಲಿ ಕೂರಿಸಿ, ತೋರಿಸಿದುದು ಅವರಿಗೆ ಸಿಕ್ಕುವವರೆಗೆ ಕಾಯಿರಿ. ಎಂದಾದರೂ ಹೋಗೋಣವೆಂದು ಅವರಿಗೆ ಮಾತು ಕೊಟ್ಟಿದ್ದರೆ, ಆ ಮಾತನ್ನು ನನ್ನ ಹಾಗೆ ಮೂವತ್ತನಾಲ್ಕು ವರ್ಷ ಇಟ್ಟುಕೊಳ್ಳಬೇಡಿ.

ನಾವು ಮುಂದಿನ ವಾರ ಹೊರಡುವೆವು. ವೈದ್ಯರು ಹೇಳುವಂತೆ ಅವಳ ಕಣ್ಣು ಇದ್ದಷ್ಟರಲ್ಲಿಯೇ ನಿಂತಿದೆ. ಹನಿ ಔಷಧವು ದಿನವೂ ತಪ್ಪದೆ ನಡೆದಿದೆ. ಚೀಲದಲ್ಲಿ ಐವತ್ತೇಳು ಅಡಿಕೆಗಳನ್ನು ಎಣಿಸಿ ಇಟ್ಟಾಗಿದೆ. ಘಟ್ಟದಲ್ಲಿ ನಾನು ಬಾಯಿ ತೆರೆಯತಕ್ಕದ್ದಲ್ಲವೆಂದು ಅಪ್ಪಣೆಯೂ ಆಗಿದೆ.